ಜಿಂಕೆ ಬೇಟೆಗೆ ಕ್ರಾಸ್‌ಬೋ ತೆಗೆದುಕೊಳ್ಳಬಹುದಾ? ಒಹಾಯೋದಲ್ಲಿರುವ ಪೆರ್ಲದವನ ಪ್ರಶ್ನೆ

ಪೆರ್ಲದ ಕಿರಿಯ

ಎಲ್ಲರಿಗೂ ನಮಸ್ಕಾರ. ಊರು ಕೇರಳದ ಕಾಸರಗೋಡು ಕಡೆಯ ಪೆರ್ಲ. ಏಳು ವರ್ಷದಿಂದ ಅಮೆರಿಕದ ಒಹಾಯೋದಲ್ಲಿದ್ದೇನೆ. ಇಲ್ಲಿ ಸೆಪ್ಟೆಂಬರ್ ಕೊನೆಗೆ ಬಿಲ್ಲಿನ ಬೇಟೆಯ ಸೀಸನ್ ಶುರುವಾಗಿ ಫೆಬ್ರವರಿಯವರೆಗೆ ನಡೆಯುತ್ತದೆ. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿಗೆ ನಲವತ್ತು ಎಕರೆ ಕಾಡು ಉಂಟು. ಈ ವರ್ಷ ಜೊತೆಗೆ ಬಾ ಎಂದು ಕರೆದಿದ್ದಾರೆ. ಬೇಟೆಗಾರರ ಕೋರ್ಸ್ ಮುಗಿಸಿದ್ದೇನೆ, ಪರೀಕ್ಷೆ ಪಾಸಾಗಿದೆ, ಲೈಸೆನ್ಸ್ ತೆಗೆದುಕೊಳ್ಳುತ್ತೇನೆ. ಕದ್ದು ಮಾಡುವ ಕೆಲಸ ಅಲ್ಲ.

ತೊಂದರೆ ಇರುವುದು ನನ್ನ ಬಲ ಭುಜದಲ್ಲಿ. ಮೂರು ವರ್ಷದ ಹಿಂದೆ ವಾಲಿಬಾಲ್ ಆಡುವಾಗ ಬಿದ್ದು ಒಳಗೆ ಹರಿದಿತ್ತು. ಮೊನ್ನೆ ಅಂಗಡಿಯಲ್ಲಿ ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ಚಕ್ರ ಇರುವ ಬಿಲ್ಲು) ಎಳೆಯುವ ಭಾರ 60 ಪೌಂಡಿಗೆ ಇಟ್ಟು ಎಳೆದು ನೋಡಿದೆ. ಎರಡನೇ ಸಲಕ್ಕೇ ಭುಜ ಚುರ್ ಎಂದಿತು, ಆ ರಾತ್ರಿ ಬಲಮಗ್ಗುಲಿಗೆ ಮಲಗಲು ಆಗಲಿಲ್ಲ. ಅಂಗಡಿಯವ ಕ್ರಾಸ್‌ಬೋ (ಕೋವಿಯಂಥ ಹಿಡಿಗೆ ಅಡ್ಡ ಬಿಲ್ಲು ಕೂರಿಸಿದ್ದು) ತೋರಿಸಿದ. ದುರ್ಬೀನು ಸೇರಿ 1,200 ಡಾಲರ್. 80 ಗಜಕ್ಕೂ ಹೊಡೆಯಬಹುದು ಎನ್ನುತ್ತಾನೆ.

ಅಷ್ಟು ದುಡ್ಡು ಹಾಕುವಷ್ಟು ಉಪಯೋಗ ಉಂಟಾ? ಅಪ್ಪ ಹಂದಿ ಕಾಯಲು ಕೋವಿ ಹಿಡಿದು ತೋಟಕ್ಕೆ ಹೋಗುತ್ತಿದ್ದುದನ್ನು ನೋಡಿ ಬೆಳೆದವ ನಾನು. ಆದರೆ ಬಿಲ್ಲು ಬಾಣ ಎಂದರೆ ಆಟದ (ಯಕ್ಷಗಾನದ) ರಂಗಸ್ಥಳದಲ್ಲಿ ನೋಡಿದ್ದಷ್ಟೇ ಗೊತ್ತು. ಅನುಭವ ಇದ್ದವರು ಬಿಡಿಸಿ ಹೇಳಿ.

ಮುಳ್ಳೇರಿಯ ಟು ಡೇಟನ್

ನಾನೂ ಒಹಾಯೋದಲ್ಲೇ. ಕ್ರಾಸ್‌ಬೋ ಹಿಡಿದು ಆರು ಸೀಸನ್ ಆಯ್ತು. ನಿಮ್ಮ ಭುಜಕ್ಕೆ ಕ್ರಾಸ್‌ಬೋ ಸರಿ, ಆದರೆ ಆ ಅಂಗಡಿಯವನ ಮಾತು ಸರಿ ಇಲ್ಲ. 80 ಗಜಕ್ಕೆ ಅಭ್ಯಾಸದ ಚೀಲಕ್ಕೆ ಹೊಡೆಯಬಹುದು. ಜಿಂಕೆಗೆ ಹೊಡೆಯಬಾರದು.

ಲೆಕ್ಕ ಹಾಕಿ ನೋಡಿ. ಬಾಣ ಸೆಕೆಂಡಿಗೆ 400 ಅಡಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 40 ಗಜ ಎಂದರೆ 120 ಅಡಿ. ಮುಟ್ಟಲು 0.3 ಸೆಕೆಂಡ್ ಬೇಕು. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಅಂದರೆ ಬಾಣ ಅರ್ಧ ದಾರಿಗೆ ಬರುವ ಮೊದಲೇ ಹೆದೆಯ ಸದ್ದು ಜಿಂಕೆಯ ಕಿವಿ ಸೇರಿರುತ್ತದೆ. ಓಡಲು ಹೊರಟ ಜಿಂಕೆ ಮೊದಲು ಕಾಲು ಮಡಚಿ ಮೈ ಕುಗ್ಗಿಸುತ್ತದೆ. ಎದೆಗೆ ಇಟ್ಟ ಗುರಿ ಬೆನ್ನಿಗೆ ಹೋಗುತ್ತದೆ. ಸಾಯುವುದಿಲ್ಲ, ಗಾಯ ಹೊತ್ತು ಓಡುತ್ತದೆ. 80 ಗಜಕ್ಕೆ ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ಯೋಚಿಸಿ. ನಾನು 30 ಗಜ ದಾಟಿದ್ದಕ್ಕೆ ಇವತ್ತಿನವರೆಗೆ ಬಿಟ್ಟಿಲ್ಲ. ಹೆಚ್ಚಿನ ಸಲ 20ರ ಒಳಗೇ.

ಇನ್ನೊಂದು ವಿಷಯ. ಕ್ರಾಸ್‌ಬೋ ಎಂದರೆ ಎಳೆಯುವ ಕೆಲಸವೇ ಇಲ್ಲ ಎಂದುಕೊಳ್ಳಬೇಡಿ. ಹೆದೆ ಎಳೆಯುವ ಭಾರ 150ರಿಂದ 200 ಪೌಂಡ್ ಇರುತ್ತದೆ. ಕೊಕ್ಕೆ ಇರುವ ಹಗ್ಗ ಹಾಕಿ ಎಳೆದರೆ ಆ ಭಾರ ಅರ್ಧಕ್ಕಿಳಿಯುತ್ತದೆ. ಆ ಅರ್ಧವೂ ನಿಮ್ಮ ಭುಜಕ್ಕೆ ಜಾಸ್ತಿಯೇ. ಹಿಡಿ ತಿರುಗಿಸಿ ಏರಿಸುವ ಕ್ರ್ಯಾಂಕ್ ಇರುವುದನ್ನೇ ನೋಡಿ. ನಿಮಗೆ ಕಾಸು ಹಾಕಲು ಯೋಗ್ಯವಾದ ಭಾಗ ಅದೊಂದೇ.

ಬದಿಯಡ್ಕದ ಅಕ್ಕ

ತಮ್ಮಾ, ಆ ಸಾಧು ಪ್ರಾಣಿಯನ್ನು ಕೊಲ್ಲಲು ಇಷ್ಟೆಲ್ಲ ಯಾಕೆ? ಅದು ತರಕಾರಿ ತಿನ್ನುತ್ತದೆ ಎಂದಾದರೆ ಬೇಲಿ ಹಾಕಿಕೊಳ್ಳಿ. ನನಗೆ ಓದಿಯೇ ಹೊಟ್ಟೆ ಕಿವುಚಿತು.

ಬಾಯಾರಿನವ

ಅಕ್ಕ ಹೇಳಿದ್ದು ಸರಿ. ತಿನ್ನಲು ಕೋಳಿ ಇಲ್ವಾ ಅಲ್ಲಿ?

ಪೆರ್ಲದ ಕಿರಿಯ

ಅಕ್ಕ, ನಿಮ್ಮ ಮಾತು ನನಗೆ ಅರ್ಥ ಆಗುತ್ತದೆ. ನಾನೂ ಎರಡು ವರ್ಷ ಬೇಡ ಎಂದೇ ಹೇಳಿದ್ದೆ. ಇಲ್ಲಿಯ ಸ್ಥಿತಿ ಬೇರೆ. 1904ರ ಹೊತ್ತಿಗೆ ಒಹಾಯೋದಲ್ಲಿ ಬಿಳಿಬಾಲದ ಜಿಂಕೆ ಪೂರ್ತಿ ಮುಗಿದೇ ಹೋಗಿತ್ತು. ಮತ್ತೆ ತಂದು ಬಿಟ್ಟು, ಕಾಪಾಡಿ, ಈಗ ಎಲ್ಲ ಜಿಲ್ಲೆಯಲ್ಲೂ ತುಂಬಿದೆ. ತೋಳ, ಚಿರತೆಯಂಥದ್ದು ಯಾವುದೂ ಇಲ್ಲ. ನವೆಂಬರಿನಲ್ಲಿ ಸಂಜೆ ಕೆಲಸದಿಂದ ಬರುವಾಗ ರಸ್ತೆ ಬದಿ ಕಾರಿಗೆ ಸಿಕ್ಕಿ ಬಿದ್ದ ಜಿಂಕೆ ಕಾಣದ ದಿನವೇ ಕಡಿಮೆ. ಒಂದು ಸಲ ನನ್ನ ಕಾರಿಗೇ ಬಂದು ಬಡಿಯಿತು. ಹಿಂಗಾಲು ಮುರಿದು ಚರಂಡಿಯಲ್ಲಿ ಒದ್ದಾಡುತ್ತಿತ್ತು. ಪೊಲೀಸ್ ಬರುವವರೆಗೆ ಇಪ್ಪತ್ತು ನಿಮಿಷ ಅದರ ಪಕ್ಕ ನಿಂತಿದ್ದೆ. ಅದನ್ನು ನೋಡಿದ ಮೇಲೆ ನನ್ನ ಯೋಚನೆ ಬದಲಾಯಿತು. ಮಾಡಿದರೆ ಸರಿಯಾಗಿ ಮಾಡಬೇಕು ಎಂದೇ ಇಲ್ಲಿ ಕೇಳುತ್ತಿದ್ದೇನೆ.

ಬದಿಯಡ್ಕದ ಅಕ್ಕ

ಸರಿ ತಮ್ಮಾ. ನನಗೆ ಆಗುವುದಿಲ್ಲ, ಆದರೆ ನೀವು ಯೋಚಿಸಿಯೇ ಕೇಳಿದ್ದೀರಿ. ಗಾಯ ಮಾಡಿ ಬಿಡುವ ಕೆಲಸ ಮಾತ್ರ ಮಾಡಬೇಡಿ.

ಮಂಜೇಶ್ವರ ಮಿಚಿಗನ್

ನಾನು ಕಾಂಪೌಂಡ್ ಪಕ್ಷದವ. ಹದಿನಾಲ್ಕು ವರ್ಷದಿಂದ ಬಿಲ್ಲು ಎಳೆಯುತ್ತಿದ್ದೇನೆ. ಕ್ರಾಸ್‌ಬೋವನ್ನು ಬಿಲ್ಲು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಭುಜಕ್ಕೆ ಆನಿಸಿ, ದುರ್ಬೀನಿನಲ್ಲಿ ನೋಡಿ, ಕುದುರೆ (ಟ್ರಿಗರ್) ಎಳೆಯುವುದು. ಅದು ಕೋವಿಯ ಅಭ್ಯಾಸ. ಬಿಲ್ಲಿನಲ್ಲಿ ಜಿಂಕೆ ಎದುರಿಗಿರುವಾಗ ಎಳೆಯಬೇಕು, ಎಳೆದು ಹಿಡಿದು ನಿಲ್ಲಬೇಕು. ಅದು ತಲೆ ಎತ್ತಿದರೆ ಹಾಗೆಯೇ ಕಲ್ಲಾಗಬೇಕು. ಬಿಲ್ಲಿನ ಬೇಟೆ ಎಂದರೆ ಅದೇ.

ಪೆರ್ಲದವರೇ, 60 ಪೌಂಡ್ ಯಾಕೆ ಎಳೆದಿರಿ? ಒಹಾಯೋದಲ್ಲಿ ಬಿಲ್ಲಿಗೆ 40 ಪೌಂಡ್ ಇದ್ದರೆ ಸಾಕು. 40ರಿಂದ ಶುರು ಮಾಡಿ, ಫಿಸಿಯೋ ಮಾಡಿಸಿ, ಒಂದು ವರ್ಷ ಕಾಯಿರಿ. ಪೂರ್ತಿ ಎಳೆದ ಮೇಲೆ ಕಾಂಪೌಂಡಿನಲ್ಲಿ ಭಾರದ ಬಹುಪಾಲು ಚಕ್ರವೇ ಹೊರುತ್ತದೆ, ಕೈಗೆ ಉಳಿಯುವುದು ಸ್ವಲ್ಪವೇ.

ಮುಳ್ಳೇರಿಯ ಟು ಡೇಟನ್

ಅಣ್ಣ, ಎಳೆದ ಮೇಲಿನ ಭಾರ ಅಲ್ಲ ಅವರ ತೊಂದರೆ. ಎಳೆಯುವಾಗ ನಡುವೆ ಬರುವ ಭಾರ. ಹರಿದ ಭುಜ ಅಲ್ಲಿಯೇ ಕಚ್ಚುವುದು. ಚಳಿಯಲ್ಲಿ ಮೂರು ಗಂಟೆ ಅಲುಗಾಡದೆ ಕೂತು ಮತ್ತೆ ಎಳೆದು ನೋಡಿ, ಗೊತ್ತಾಗುತ್ತದೆ.

ಕುಂಬಳೆ ಫಿಸಿಯೋ

ಇದು ನನ್ನ ಕೆಲಸದ ವಿಷಯ, ಹಾಗಾಗಿ ಹೇಳುತ್ತೇನೆ. ಭುಜದ ಒಳಗಿನ ಸ್ನಾಯು ಹರಿದವರಿಗೆ ಕೈಯನ್ನು ಭುಜದ ಎತ್ತರದಲ್ಲಿ ಹಿಡಿದು ಹಿಂದಕ್ಕೆ ಎಳೆಯುವುದೇ ಅತಿ ಕಷ್ಟದ ಚಲನೆ. ಬಿಲ್ಲು ಎಳೆಯುವುದೂ ಅದೇ ತಾನೇ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ ಎಂದರೆ ಅದು ಸಣ್ಣ ಲಕ್ಷಣ ಅಲ್ಲ. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ಹಗ್ಗ ಹಾಕಿ ಏರಿಸುವಾಗಲೂ ಎರಡೂ ಕೈ ಸಮ ಎಳೆಯಬೇಕು, ಬೆನ್ನಿನಿಂದ ಎಳೆಯಬೇಕು. ನೀವು ನೋವಿಲ್ಲದ ಕೈಯಲ್ಲಿ ಜಾಸ್ತಿ ಎಳೆದರೆ ಹೆದೆ ಒಂದು ಬದಿಗೆ ಸರಿದು ಕೂರುತ್ತದೆ, ಅಲ್ವಾ ಡೇಟನ್‌ನವರೇ?

ಮುಳ್ಳೇರಿಯ ಟು ಡೇಟನ್

ಹೌದು, ಸರಿಯಾಗಿ ಹಿಡಿದಿರಿ. ಒಂದೆರಡು ಮಿಲಿಮೀಟರ್ ಸರಿದರೂ 20 ಗಜದಲ್ಲಿ ಬಾಣ ಬದಿಗೆ ಹೋಗುತ್ತದೆ. ಬಿಳಿ ದಾರದಿಂದ ಹೆದೆಯ ಮೇಲೆ, ಬಾಣ ಕೂರುವ ಹಳಿಯ ಎರಡೂ ಬದಿ ಗುರುತು ಮಾಡಿಕೊಳ್ಳುವುದು ಅದಕ್ಕೇ.

ದೇಲಂಪಾಡಿ ಕೃಷಿಕ

ಒಂದು ಪ್ರಶ್ನೆ. ಈ ಕ್ರಾಸ್‌ಬೋ ಊರಿಗೆ ತರಲು ಆಗುತ್ತದಾ? ನಮ್ಮ ತೋಟದಲ್ಲಿ ಹಂದಿ ಬಾಳೆಬುಡ ಬಗೆದು ಹಾಕುತ್ತದೆ. ಕಳೆದ ತಿಂಗಳು ಒಂದೇ ರಾತ್ರಿ ಮೂವತ್ತೆರಡು ನೇಂದ್ರ ಬಾಳೆ ಹೋಯಿತು. ಗೊನೆ ಹಾಕಿದವು. ಸದ್ದಿಲ್ಲದ ಆಯುಧ ಆದರೆ ಒಳ್ಳೆಯದಲ್ವಾ?

ಆದೂರಿನ ವಕೀಲ

ದಯವಿಟ್ಟು ಬೇಡ. ನಾನು ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಮಾತು ಕೇಳಿ ಹುಡುಗರು ಆನ್‌ಲೈನ್‌ನಲ್ಲಿ ತರಿಸಲು ಹೋಗುತ್ತಾರೆ.

1972ರ ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಎಂದರೆ ಕೋವಿ ಮಾತ್ರ ಅಲ್ಲ. ಬಿಲ್ಲು ಬಾಣ, ಬಲೆ, ಉರುಳು, ವಿಷ, ಕೊಕ್ಕೆ, ಚಾಕು ಎಲ್ಲವನ್ನೂ ಅದರಲ್ಲೇ ಹೆಸರಿಸಿದ್ದಾರೆ. ಸದ್ದಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ಇಲ್ಲ. ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ, ಬರಿಂಕ ಯಾವುದನ್ನೂ ನಮ್ಮಲ್ಲಿ ಮುಟ್ಟುವ ಹಾಗಿಲ್ಲ. ಬಲೆ ಬೀಸುವುದು, ಅಟ್ಟಿಸಿಕೊಂಡು ಹೋಗುವುದು, ಹೊಡೆಯಲು ನೋಡುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಪೆರ್ಲದವರು ಕೇಳಿದ್ದು ಒಹಾಯೋದ ಲೈಸೆನ್ಸ್ ಸೀಸನ್ ಬಗ್ಗೆ. ಅದನ್ನು ಊರಿಗೆ ಹೊಂದಿಸಬೇಡಿ.

ಹಂದಿಗೆ ದಾರಿ ಬೇರೆ ಉಂಟು. 2022ರಲ್ಲಿ ಕೇರಳ ಸರಕಾರ ಪಂಚಾಯತ್ ಅಧ್ಯಕ್ಷರಿಗೆ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಬೆಳೆ ಹಾಳು ಮಾಡುವ ಹಂದಿಯ ಬಗ್ಗೆ ಪಂಚಾಯತಿಗೆ ಅರ್ಜಿ ಕೊಡಿ. ಲೈಸೆನ್ಸ್ ಇರುವ, ಪಟ್ಟಿಯಲ್ಲಿರುವ ಕೋವಿಯವರೇ ಹೊಡೆಯಬೇಕು. ವಿಷ, ಸ್ಫೋಟಕ, ಕರೆಂಟ್ ತಂತಿ ಹಾಕುವ ಹಾಗಿಲ್ಲ. ಹೊಡೆದದ್ದನ್ನು ಹೂಳಬೇಕು, ತಿನ್ನುವ ಹಾಗಿಲ್ಲ.

ದೇಲಂಪಾಡಿ ಕೃಷಿಕ

ವಕೀಲರೇ, ಕಾನೂನು ಗೊತ್ತಾಯಿತು, ತರಿಸುವುದಿಲ್ಲ. ಆದರೆ ಪಟ್ಟಿಯಲ್ಲಿರುವ ಕೋವಿಯವರು ಎಷ್ಟು ಜನ? ನಮ್ಮ ಬೈಲಿನಲ್ಲಿ ಇದ್ದ ಒಬ್ಬರಿಗೆ ಎಪ್ಪತ್ತೆರಡು ವರ್ಷ. ರಾತ್ರಿ ಎರಡು ಗಂಟೆಗೆ ಹಂದಿ ಬಂದರೆ ಅವರನ್ನು ಎಬ್ಬಿಸಿ ಗುಡ್ಡೆ ಹತ್ತಿಸುವುದಾ? ಚುನಾವಣೆ ಬಂತು ಎಂದರೆ ಕೋವಿ ಠಾಣೆಯಲ್ಲಿ. ಹಂದಿಗೆ ಚುನಾವಣೆ ಗೊತ್ತುಂಟಾ?

ಕಾರಡ್ಕ ಬೇಲಿ

ನಮ್ಮ ಕಡೆ ಆನೆಗೆ ತೂಗು ಬೇಲಿ ಹಾಕಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ. ಹಂದಿ ಮಾತ್ರ ಯಾವ ಬೇಲಿಗೂ ಬಗ್ಗುವುದಿಲ್ಲ. ಅಡಿಯಿಂದ ನೆಲ ಬಗೆದು ನುಗ್ಗುತ್ತದೆ. ಮಂಗ, ಮುಳ್ಳುಹಂದಿ, ನವಿಲು ಬೇರೆ. ಹಂದಿ ವಿಷಯಕ್ಕೆ ಬೇರೆಯೇ ಚರ್ಚೆ ತೆರೆಯೋಣ, ಇದು ಕ್ರಾಸ್‌ಬೋದ್ದು.

ಬಂದಡ್ಕ ಮಾವ

ಮಲಯಾಳದಲ್ಲಿ ತೆಟ್ಟಾಲಿ ಎನ್ನುತ್ತಾರಲ್ಲ, ಈಗ ಮಕ್ಕಳಿಗೆ ಅದು ರಬ್ಬರ್ ಕವಣೆ. ಹಳೆಯ ತೆಟ್ಟಾಲಿ ಬೇರೆ. ಮರದ ಹಿಡಿಗೆ ಅಡ್ಡ ಬಿಲ್ಲು ಕೂರಿಸಿದ್ದು, ಹೊಳೆಯಲ್ಲಿ ಮೀನು ಹೊಡೆಯುತ್ತಿದ್ದರು. ಬಾಣಕ್ಕೆ ನೂಲು ಕಟ್ಟಿರುತ್ತದೆ, ಮೀನು ಸಿಕ್ಕಿದರೆ ಎಳೆದುಕೊಳ್ಳುವುದು. ಹಾಗಾಗಿ ಈ ಕ್ರಾಸ್‌ಬೋ ನಮ್ಮ ನೆಲಕ್ಕೆ ಪೂರ್ತಿ ಹೊಸದಲ್ಲ. ಕೆಡ್ಡಸದ (ತುಳುನಾಡಿನ ಭೂಮಿ ತಾಯಿಯ ಹಬ್ಬದ) ಬೇಟೆ ಎಂದು ನಮ್ಮ ಅಜ್ಜನ ಕಾಲದಲ್ಲಿ ಊರಿಗೆ ಊರೇ ಗುಡ್ಡೆ ಏರುತ್ತಿತ್ತಂತೆ. ಈಗ ಕೆಡ್ಡಸಕ್ಕೆ ನನ್ನೆರಿ ತಿಂದು ಮುಗಿಸುತ್ತೇವೆ, ಅದೇ ಒಳ್ಳೆಯದು.

ಸೀತಾಂಗೋಳಿ

ನನ್ನೆರಿ ಎಂದಾಗ ಬಾಯಲ್ಲಿ ನೀರು ಬಂತು ಮಾವ. ಹುರಿದ ಅಕ್ಕಿ ಹಿಟ್ಟು, ಬೆಲ್ಲ, ತೆಂಗಿನಕಾಯಿ...

ಮಂಜೇಶ್ವರ ಮಿಚಿಗನ್

ವಿಷಯಕ್ಕೆ ಬರೋಣ. ಕಾನೂನು ರಾಜ್ಯ ರಾಜ್ಯಕ್ಕೆ ಬೇರೆ, ಇದು ಹೊಸಬರಿಗೆ ಗೊತ್ತಿರಬೇಕು. ನಮ್ಮ ಮಿಚಿಗನ್‌ನಲ್ಲಿ ಬಿಲ್ಲಿನ ಸೀಸನ್‌ಗೆ ಕ್ರಾಸ್‌ಬೋ ಎಲ್ಲರಿಗೂ ಸಿಗಲು ಶುರುವಾದದ್ದು 2009ರಿಂದ. ಪೆನ್ಸಿಲ್ವೇನಿಯಾದಲ್ಲೂ ಅದೇ ವರ್ಷ. ವಿಸ್ಕಾನ್ಸಿನ್‌ನಲ್ಲಿ 2014. ಒಹಾಯೋ ಮಾತ್ರ 1976ರಲ್ಲೇ ಬಿಟ್ಟಿತ್ತು. ಒರೆಗಾನ್‌ನಲ್ಲಿ ಬೇಟೆಗೆ ಕ್ರಾಸ್‌ಬೋ ಇಲ್ಲವೇ ಇಲ್ಲ. ನಾಳೆ ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಆ 1,200 ಡಾಲರಿನ ಸಾಮಾನು ಅಟ್ಟದಲ್ಲಿ. ಅದನ್ನೂ ಯೋಚಿಸಿ.

ಮುಳ್ಳೇರಿಯ ಟು ಡೇಟನ್

ಒಹಾಯೋದಲ್ಲಿ ಈಗ ಕೈಯಲ್ಲಿ ಎಳೆಯುವ ಬಿಲ್ಲಿಗಿಂತ ಕ್ರಾಸ್‌ಬೋದಲ್ಲಿ ತೆಗೆಯುವ ಜಿಂಕೆಯೇ ಜಾಸ್ತಿ. ಅಷ್ಟು ಜನ ಮೋಸಗಾರರಾ ಅಣ್ಣ?

ಮಂಜೇಶ್ವರ ಮಿಚಿಗನ್

ಮೋಸ ಎಂದು ನಾನು ಹೇಳಲಿಲ್ಲ. ಬೇರೆ ಎಂದೆ. ಅಭ್ಯಾಸ ಮಾಡದೆ ಹೋಗುವವರು ಕ್ರಾಸ್‌ಬೋದವರಲ್ಲೇ ಜಾಸ್ತಿ ಎಂದು ನನ್ನ ದೂರು. ನಮ್ಮ ಬಿಲ್ಲಿನವ ವರ್ಷಪೂರ್ತಿ ಹಿತ್ತಿಲಲ್ಲಿ ಬಾಣ ಬಿಡುತ್ತಾನೆ, ಬಿಡದಿದ್ದರೆ ತಾಗುವುದೇ ಇಲ್ಲ. ಕ್ರಾಸ್‌ಬೋದವ ಸೀಸನ್ ಹಿಂದಿನ ದಿನ ಮೂರು ಬಾಣ ಬಿಟ್ಟು "ಸರಿ ಉಂಟು" ಎಂದು ಕಾಡಿಗೆ ಹೋಗುತ್ತಾನೆ. ಹಾಗೆ ಹೋದವರ ಗಾಯದ ಜಿಂಕೆಯನ್ನು ನಾನು ಎರಡು ಸಲ ಹುಡುಕಿದ್ದೇನೆ.

ಮುಳ್ಳೇರಿಯ ಟು ಡೇಟನ್

ಅದು ನಿಜ. ಅದನ್ನು ನಾನೂ ಒಪ್ಪುತ್ತೇನೆ.

ಪೆರ್ಲದ ಕಿರಿಯ

ವೀಸಾ ಬಗ್ಗೆ ಯಾರಿಗಾದರೂ ಗೊತ್ತಾ? ನಾನಿನ್ನೂ ಎಚ್ ಒನ್ ಬಿ.

ಉಪ್ಪಳ ಟೆಕ್ಸಾಸ್

ಕೋವಿ ಆದರೆ ಗಮನ ಇಡಬೇಕು. ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಆದರೆ ಲೈಸೆನ್ಸ್ ಮುಗಿದ ಮೇಲೆ ಕೋವಿ ಮನೆಯಲ್ಲಿದ್ದರೆ ದೊಡ್ಡ ತಲೆನೋವು. ಕ್ರಾಸ್‌ಬೋದಲ್ಲಿ ಮದ್ದು ಸಿಡಿಯುವುದಿಲ್ಲ, ಫೆಡರಲ್ ಕಾನೂನಿನ ಲೆಕ್ಕದಲ್ಲಿ ಅದು ಕೋವಿಯೇ ಅಲ್ಲ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕ್ರಾಸ್‌ಬೋದಲ್ಲೇ ಇದ್ದದ್ದು ಇದೇ ಕಾರಣಕ್ಕೆ. ಬೇಟೆಗೆ ಹೋಗಲು ಲೈಸೆನ್ಸ್, ಜಿಂಕೆ ಪರ್ಮಿಟ್ ಎರಡೂ ಬೇಕು. ಒಹಾಯೋದಲ್ಲಿ ಬೇರೆಯವರ ಜಾಗಕ್ಕೆ ಹೋಗುವಾಗ ಒಡೆಯರ ಒಪ್ಪಿಗೆ ಬರಹದಲ್ಲೇ ಇರಬೇಕು. ಸ್ನೇಹಿತರು ಎಂದು ಬಾಯಿಮಾತಿಗೆ ಬಿಡಬೇಡಿ.

ಕಾಸರಗೋಡು ನರ್ಸಕ್ಕ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಅಮೆರಿಕದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಪ್ರತಿ ಶರತ್ಕಾಲದಲ್ಲಿ ಕ್ರಾಸ್‌ಬೋ ಹೆಬ್ಬೆರಳು ಬರುತ್ತದೆ. ಕೋವಿ ಹಿಡಿದ ಅಭ್ಯಾಸದಲ್ಲಿ ಮುಂದಿನ ಕೈಯ ಹೆಬ್ಬೆರಳನ್ನು ಹಳಿಯ ಮೇಲೆ ಎತ್ತಿ ಇಟ್ಟಿರುತ್ತಾರೆ. ಕುದುರೆ ಎಳೆದ ಕೂಡಲೇ ಹೆದೆ ಅದರ ಮೇಲೇ ಹೋಗುತ್ತದೆ. ಒಬ್ಬರು ಉಗುರಿನ ಗಂಟಿನಿಂದ ಮುಂದಿನ ತುಂಡನ್ನು ಕೈಗವಸಿನೊಳಗೇ ಇಟ್ಟುಕೊಂಡು ಬಂದಿದ್ದರು. ಮೊದಲು ಅವರಿಗೆ ನೋವೇ ಗೊತ್ತಾಗಲಿಲ್ಲವಂತೆ, ಗವಸು ಒದ್ದೆ ಎಂದು ನೋಡಿದ್ದಂತೆ.

ಪೆರ್ಲದ ತಮ್ಮಾ, ನೀವು ಅಪ್ಪನ ಕೋವಿ ನೋಡಿ ಬೆಳೆದವರು. ನಿಮ್ಮ ಕೈಯೂ ಅಲ್ಲಿಗೇ ಹೋಗುತ್ತದೆ. ಬೆರಳಿಗೆ ಅಡ್ಡ ರೆಕ್ಕೆ ಇರುವ ಹಿಡಿಯದ್ದನ್ನೇ ತೆಗೊಳ್ಳಿ. ಬಾಣ ಬಿಡುವ ಪ್ರತಿ ಸಲ ಮೊದಲು ಹೆಬ್ಬೆರಳು ಎಲ್ಲಿದೆ ಎಂದು ಕಣ್ಣಲ್ಲಿ ನೋಡಿ. ಮನಸ್ಸಿನಲ್ಲಿ ಅಲ್ಲ, ಕಣ್ಣಲ್ಲಿ.

ಪೆರ್ಲದ ಕಿರಿಯ

ಅಕ್ಕ, ಓದಿ ಮೈ ಜುಂ ಎಂದಿತು. ಅಂಗಡಿಯವ ಇದೊಂದನ್ನೂ ಹೇಳಲಿಲ್ಲ.

ಉಪ್ಪಳ ಟೆಕ್ಸಾಸ್

ಇದಕ್ಕೆ ಸೇರಿಸುತ್ತೇನೆ. ಬಾಣ ಇಡದೆ ಕುದುರೆ ಎಳೆಯಬಾರದು, ಒಂದು ಸಲವೂ. ನನ್ನ ಮೊದಲ ಕ್ರಾಸ್‌ಬೋವನ್ನು ನೋಡಲು ಬಂದ ನೆಂಟರೊಬ್ಬರು ಕುತೂಹಲಕ್ಕೆ ಎಳೆದರು. ಪಟಾಕಿ ಹೊಡೆದ ಹಾಗೆ ಸದ್ದು. ಬಿಲ್ಲಿನ ಒಂದು ತೋಳು ಸೀಳಿತು, ಹೆದೆ ಹರಿದು ನೇತಾಡುತ್ತಿತ್ತು. ಬಾಣ ಇದ್ದರೆ ಆ ಶಕ್ತಿಯನ್ನು ಬಾಣ ಹೊತ್ತುಕೊಂಡು ಹೋಗುತ್ತದೆ, ಇಲ್ಲದಿದ್ದರೆ ಬಿಲ್ಲೇ ನುಂಗಬೇಕು. ಯಾರಿಗೂ ಗಾಯ ಆಗಲಿಲ್ಲ, ಆದರೆ 450 ಡಾಲರ್ ಹೋಯಿತು. ಈಗ ಹೆದೆ ಏರಿಸಿದ್ದನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಏರಿಸಿ ಕಾರಿನಲ್ಲಿ ಇಡಬಾರದು, ಮರದ ಮೇಲಿನ ಅಟ್ಟಣೆಗೆ ಹೊತ್ತುಕೊಂಡು ಹತ್ತಬಾರದು. ಮೊದಲು ನೀವು ಹತ್ತಿ ಬೆಲ್ಟ್ ಕಟ್ಟಿಕೊಳ್ಳಿ, ಮತ್ತೆ ಹಗ್ಗದಲ್ಲಿ ಎಳೆದುಕೊಳ್ಳಿ.

ನೀರ್ಚಾಲು

ಹಾಗಾದರೆ ಸಂಜೆ ಏನೂ ಸಿಗದೆ ಇಳಿಯುವಾಗ ಏರಿಸಿದ ಹೆದೆಯನ್ನು ಏನು ಮಾಡುವುದು?

ಮುಳ್ಳೇರಿಯ ಟು ಡೇಟನ್

ಒಳ್ಳೆಯ ಪ್ರಶ್ನೆ. ಕಾಂಪೌಂಡ್ ಆದರೆ ನಿಧಾನಕ್ಕೆ ಕೈಯಲ್ಲೇ ಇಳಿಸುತ್ತೀರಿ. ಹೆಚ್ಚಿನ ಕ್ರಾಸ್‌ಬೋದಲ್ಲಿ ಹಾಗೆ ಆಗುವುದಿಲ್ಲ, ಹಳೆಯ ಬಾಣ ಒಂದನ್ನು ಇಟ್ಟುಕೊಂಡು ಚೀಲಕ್ಕೋ ಮೆತ್ತಗಿನ ಮಣ್ಣಿಗೋ ಬಿಡಬೇಕು. ಕ್ರ್ಯಾಂಕ್ ಇರುವ ಕೆಲವನ್ನು ಹಿಂದಕ್ಕೆ ತಿರುಗಿಸಿ ಇಳಿಸಬಹುದು. ಖರೀದಿ ಮಾಡುವ ಮೊದಲು ಇದನ್ನು ಮಾಡಿ ತೋರಿಸಿ ಎಂದು ಅಂಗಡಿಯವನಿಗೆ ಹೇಳಿ. ತೋರಿಸಲು ಬಾರದವನ ಹತ್ತಿರ ತೆಗೊಳ್ಳಬೇಡಿ.

ಖರ್ಚು ಕೇಳಿದ್ದಿರಿ. 300ರಿಂದ 500 ಡಾಲರಿಗೆ ಸಿಗುವ ಬಾರ್ನೆಟ್, ಸೆಂಟರ್‌ಪಾಯಿಂಟ್ ಕೂಡ 30 ಗಜಕ್ಕೆ ಜಿಂಕೆಯ ಎದೆ ದಾಟಿಸುತ್ತವೆ. ಟೆನ್‌ಪಾಯಿಂಟ್, ರೇವಿನ್ ಎಂದರೆ 2,000 ದಾಟಿದ್ದೂ ಉಂಟು. ಅವು ಮೈ ಸಪೂರ, ಕ್ರ್ಯಾಂಕ್ ಒಳಗೇ ಇರುತ್ತದೆ. ಕಡಿಮೆ ಬೆಲೆಯದ್ದಕ್ಕೆ ಕ್ರ್ಯಾಂಕ್ ಬೇರೆ ತೆಗೊಂಡು ಹಾಕಬಹುದು. ಇದರ ಮೇಲೆ ಬಾಣ, ಅಲುಗು, ಅಭ್ಯಾಸದ ಚೀಲ, ಹೆದೆಗೆ ಮೇಣ. ಎರಡು ಮೂರು ವರ್ಷಕ್ಕೊಮ್ಮೆ ಹೆದೆ ಬದಲಿಸಬೇಕು, ಅದಕ್ಕೂ ನೂರು ಡಾಲರಿನ ಮೇಲೆ. ತೂಕ ಮೂರು ಕಿಲೋ, ಮುಂದಕ್ಕೆ ಭಾರ ಜಾಸ್ತಿ. ಭುಜಕ್ಕಾಗಿ ಕವೆಗೋಲು ಒಂದು ಮಾಡಿಕೊಳ್ಳಿ, ಅದರ ಮೇಲೆ ಇಟ್ಟು ಹೊಡೆಯಿರಿ.

ಅಡೂರು ಭಾಗವತ

ಬಿಲ್ಲಿನ ವಿದ್ಯೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ದಶರಥ ಕತ್ತಲಲ್ಲಿ ನೀರು ತುಂಬುವ ಸದ್ದು ಕೇಳಿ ಆನೆ ಎಂದು ಬಾಣ ಬಿಟ್ಟ, ಬಿದ್ದದ್ದು ಕೊಡ ಹಿಡಿದ ಹುಡುಗ. ಪಾಂಡು ಜಿಂಕೆ ಎಂದು ಹೊಡೆದ, ಅದು ಋಷಿ. ಎರಡೂ ಕಥೆಯಲ್ಲಿ ಗುರಿ ತಪ್ಪಲಿಲ್ಲ. ಏನನ್ನು ಹೊಡೆಯುತ್ತೇನೆ ಎಂದು ನೋಡಲಿಲ್ಲ, ಅಷ್ಟೇ. ಪ್ರಸಂಗದಲ್ಲಿ ಆ ಪದ ಹಾಡುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಕಾಸರಗೋಡು ನರ್ಸಕ್ಕ

ಭಾಗವತರು ಹೇಳಿದ್ದು ಅಲ್ಲಿಯ ಕೋರ್ಸಿನಲ್ಲೂ ಮೊದಲ ಪಾಠ. ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡೂ ಕಾಣಬೇಕು. ಕೋವಿಯ ಸೀಸನ್ ನಡೆಯುವ ದಿನಗಳಲ್ಲಿ ಬಿಲ್ಲಿನವರೂ ಕಿತ್ತಳೆ ಬಣ್ಣದ ಅಂಗಿ ಹಾಕಬೇಕು ಎಂದು ಒಹಾಯೋದಲ್ಲಿ ನಿಯಮ ಇದೆ.

ಮಂಜೇಶ್ವರ ಮಿಚಿಗನ್

ಬಾಣ ತಾಗಿದ ಮೇಲಿನ ಕೆಲಸ ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ನಾನು ಹೇಳುತ್ತೇನೆ, ಏಕೆಂದರೆ ನನ್ನ ಎರಡನೇ ವರ್ಷದ ತಪ್ಪು ಇನ್ನೂ ಮನಸ್ಸಿನಲ್ಲಿ ಉಂಟು.

ಬಾಣ ತಾಗಿತು, ಜಿಂಕೆ ಓಡಿತು. ಸಂತೋಷಕ್ಕೆ ನಾನು ಐದು ನಿಮಿಷಕ್ಕೇ ಇಳಿದು ಹಿಂದೆ ಹೋದೆ. ಬಾಣ ನೆಲದಲ್ಲಿ ಸಿಕ್ಕಿತು. ಎತ್ತಿ ನೋಡಿದೆ, ರೆಕ್ಕೆಯ ಮೇಲೆ ಕಂದು ರಕ್ತ, ಹಸಿರು ಹಸಿರು ಅಂಟು, ಸಗಣಿಯಂಥ ವಾಸನೆ. ಹೊಟ್ಟೆಗೆ ತಾಗಿತ್ತು. ಆಗ ಹಿಂದಕ್ಕೆ ಹೋಗಿ ಕಡಿಮೆ ಎಂದರೂ ಎಂಟು ಗಂಟೆ ಕಾಯಬೇಕಿತ್ತು. ಕಾದರೆ ಅದು ಹತ್ತಿರದ ಪೊದೆಯಲ್ಲೇ ಮಲಗಿ ಅಲ್ಲಿಯೇ ಸಾಯುತ್ತದೆ. ನಾನು ಹಿಂದೆ ಹೋದೆ, ಅದು ಎದ್ದು ಓಡಿತು, ಮತ್ತೆ ಓಡಿತು. ಕತ್ತಲಾಯಿತು. ಎರಡು ದಿನ ಹುಡುಕಿದೆ. ಮೂರನೇ ದಿನ ಹದ್ದು ಹಾರುವುದು ನೋಡಿ ಸಿಕ್ಕಿತು.

ಶ್ವಾಸಕೋಶಕ್ಕೆ ತಾಗಿದರೆ ರಕ್ತ ತಿಳಿ ಕೆಂಪು, ನೊರೆ ನೊರೆ ಇರುತ್ತದೆ. ಆಗಲೂ ಅರ್ಧ ಗಂಟೆ ಕಾಯಿರಿ. ಹೆಚ್ಚಿನ ಸಲ ನೂರು ಗಜದ ಒಳಗೆ ಬಿದ್ದಿರುತ್ತದೆ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ನಿಮ್ಮ ಕಡೆ ಮುಖ ಮಾಡಿದ್ದರೆ ಬಿಡಬೇಡಿ. ಕ್ರಾಸ್‌ಬೋ ಆಗಲಿ ಬಿಲ್ಲಾಗಲಿ, ಇದಕ್ಕೆ ದುಡ್ಡಿನಿಂದ ಪರಿಹಾರ ಸಿಗುವುದಿಲ್ಲ.

ಬದಿಯಡ್ಕದ ಅಕ್ಕ

ಇದನ್ನು ಬರೆದದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು.

ಬಾಯಾರಿನವ

ಮಾಂಸ ಏನು ಮಾಡುತ್ತಾರೆ? ಸುಮ್ನೆ ಬಿಸಾಡುತ್ತಾರಾ?

ಉಪ್ಪಳ ಟೆಕ್ಸಾಸ್

ಇಲ್ಲ ಮಾರಾಯ, ಅದಕ್ಕಾಗಿಯೇ ಹೋಗುವುದು. ಮಾರುವ ಹಾಗಿಲ್ಲ, ಮನೆಗೆ ಅಥವಾ ಬಡವರಿಗೆ ಅನ್ನ ಕೊಡುವ ಕಡೆಗೆ ದಾನ ಕೊಡಬಹುದು. ಕೊಬ್ಬು ಕಡಿಮೆ, ಜಾಸ್ತಿ ಬೇಯಿಸಿದರೆ ನಾರು ನಾರು. ನಮ್ಮ ಮನೆಯಲ್ಲಿ ಕೊತ್ತಂಬರಿ, ಕರಿಮೆಣಸು ಹುರಿದು ಅರೆದು, ತೆಂಗಿನೆಣ್ಣೆಯಲ್ಲಿ ಸುಕ್ಕಾ ಮಾಡುತ್ತೇವೆ. ಎಳೆ ತೆಂಗಿನ ಚೂರು ಹಾಕಿದರೆ ಇನ್ನೂ ರುಚಿ.

ಮುಳ್ಳೇರಿಯ ಟು ಡೇಟನ್

ತಿನ್ನುವ ಮೊದಲು ಒಂದು ವಿಷಯ. ಜಿಂಕೆಗೆ ಮೆದುಳು ಕೊರೆಯುವ ಸಿ.ಡಬ್ಲ್ಯೂ.ಡಿ. ಎಂಬ ಕಾಯಿಲೆ ಬರುತ್ತದೆ. ಒಹಾಯೋದ ಕಾಡು ಜಿಂಕೆಯಲ್ಲಿ 2020ರಲ್ಲಿ ಮೊದಲು ಕಂಡಿತು. ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಬಂದದ್ದು ಎಲ್ಲೂ ದೃಢವಾಗಿಲ್ಲ, ಆದರೂ ಕಾಯಿಲೆ ಕಂಡ ಜಿಲ್ಲೆಗಳಲ್ಲಿ ಹೊಡೆದರೆ ಪರೀಕ್ಷೆ ಮಾಡಿಸಿಯೇ ತಿನ್ನಿ. ಹೊಡೆದ ಮರುದಿನ ಮಧ್ಯಾಹ್ನ 12ರ ಒಳಗೆ ಸರಕಾರಕ್ಕೆ ವರದಿ ಮಾಡಬೇಕು. ಕೊಂಬಿನ ಜಿಂಕೆ ವರ್ಷಕ್ಕೆ ಒಂದೇ.

ನೀರ್ಚಾಲು

ಕಡೆಗೆ ತೆಗೊಳ್ಳುವುದಾ ಬೇಡವಾ?

ಮುಳ್ಳೇರಿಯ ಟು ಡೇಟನ್

ತೆಗೊಳ್ಳಲಿ. ಆದರೆ ಈಗಲೇ ಅಲ್ಲ. ಆ ಹಿರಿಯರ ಹತ್ತಿರ ಹಳೆಯದು ಇದ್ದೇ ಇರುತ್ತದೆ. ಒಂದು ಸೀಸನ್ ಅದರಲ್ಲಿ ಕೂರಲಿ. ನಂತರವೂ ಮನಸ್ಸಿದ್ದರೆ 500ರ ಒಳಗಿನದ್ದು, ಜೊತೆಗೆ ಕ್ರ್ಯಾಂಕ್.

ಮಂಜೇಶ್ವರ ಮಿಚಿಗನ್

ಭುಜದ ವಿಷಯ ಫಿಸಿಯೋದವರು ಹೇಳಿದ ಮೇಲೆ ನಾನೂ 40 ಪೌಂಡಿನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಕ್ರಾಸ್‌ಬೋ ಆಗಲಿ. ಪ್ರತಿ ವಾರ ಬಾಣ ಬಿಡಿ, ಅಷ್ಟು ಮಾತು ಕೊಡಿ.

ಪೆರ್ಲದ ಕಿರಿಯ

ತಡವಾಗಿ ಬರೆಯುತ್ತಿದ್ದೇನೆ, ಮೂರು ವಾರ ಆಯ್ತು. ಡಾಕ್ಟರ್ ಬಿಲ್ಲು ಎಳೆಯುವುದು ಬೇಡ ಎಂದರು, ಕ್ರ್ಯಾಂಕಿಗೆ ಅಡ್ಡಿಯಿಲ್ಲ ಎಂದರು. ಹಿರಿಯರ ಹತ್ತಿರ ಹನ್ನೆರಡು ವರ್ಷ ಹಳೆಯ ಕ್ರಾಸ್‌ಬೋ ಇತ್ತು, ಎಕ್ಸ್‌ಕ್ಯಾಲಿಬರ್. ಚಕ್ರ ಇಲ್ಲದ, ಸಾದಾ ಬಿಲ್ಲಿನದ್ದು. ಕ್ರ್ಯಾಂಕ್ ಅವರೇ ಹಾಕಿಸಿದರು. ಪ್ರತಿ ಶನಿವಾರ ಹನ್ನೆರಡು ಬಾಣ ಬಿಡುತ್ತೇನೆ. ಮೊದಲ ದಿನ 20 ಗಜದಲ್ಲಿ ಊಟದ ಬಟ್ಟಲಿನಷ್ಟು ಅಗಲಕ್ಕೆ ಚದುರಿತ್ತು. ಹೆದೆಗೆ ದಾರದ ಗುರುತು ಹಾಕಿದ ಮೇಲೆ ಅಂಗೈಯಷ್ಟಕ್ಕೆ ಬಂತು. ನರ್ಸಕ್ಕ, ಹೆಬ್ಬೆರಳನ್ನು ಕಣ್ಣಲ್ಲೇ ನೋಡುತ್ತೇನೆ. ಮೂರು ಸಲ ಅದು ಮೇಲಕ್ಕೆ ಬಂದಿತ್ತು.

ನಿನ್ನೆ ಸಂಜೆ ಮೊದಲ ಸಲ ಕೂತೆ. ಆರು ಗಂಟೆ ಸುಮಾರಿಗೆ ಒಂದು ಹೆಣ್ಣು ಜಿಂಕೆ ಓಕ್ ಮರದ ಬುಡಕ್ಕೆ ಬಂತು. 22 ಗಜ, ಅಳೆದಿಟ್ಟಿದ್ದೆ. ಕಾಯಿ ಕಡಿಯುವ ಸದ್ದು ನನಗೆ ಕೇಳುತ್ತಿತ್ತು. ಕಿವಿಯ ಒಳಗಿನ ಬಿಳಿ ಕೂದಲು ಕಾಣುತ್ತಿತ್ತು. ಮುಖ ನನ್ನ ಕಡೆಗೇ ಇತ್ತು. ಒಂಬತ್ತು ನಿಮಿಷ ಹಾಗೆಯೇ ತಿಂದು, ಹಾಗೆಯೇ ಹಿಂದಕ್ಕೆ ಹೊರಟು ಹೋಯಿತು. ಬಿಡಲಿಲ್ಲ. ಹಿರಿಯರು ಆಚೆ ಅಟ್ಟಣೆಯಿಂದ ನೋಡುತ್ತಿದ್ದರು. ಇಳಿದ ಮೇಲೆ ಬೆನ್ನು ತಟ್ಟಿದರು.

ಮುಳ್ಳೇರಿಯ ಟು ಡೇಟನ್

ಇಳಿಯುವ ಮೊದಲು ಹೆದೆ ಇಳಿಸಿದಿರಾ?

ಪೆರ್ಲದ ಕಿರಿಯ

ಬಾಣ ತೆಗೆದು, ಹಗ್ಗದಲ್ಲಿ ಕೆಳಗಿಳಿಸಿ, ನಾನೂ ಇಳಿದು, ಹಳೆಯ ಬಾಣ ಇಟ್ಟು ಚೀಲಕ್ಕೆ ಬಿಟ್ಟೆ ಅಣ್ಣ. ನಾಳೆ ಬೆಳಿಗ್ಗೆ ಮತ್ತೆ ಕೂರುತ್ತೇವೆ.